ಕಾಯಕದ ಶುದ್ಧಿ



ಕಾಯಕವು ಶುದ್ಧವಾಗಿರಬೇಕೆಂದು ನಾವೆಲ್ಲರೂ ಬಲ್ಲೆವು. ಆ ಶುದ್ಧಿಗೆ ನಿಜವಾದ ಪರೀಕ್ಷೆ ಬರುವುದು ಎಂದು? ನಮ್ಮ ಮನೆಮನೆಗಳಲ್ಲಿ ಬಳಕೆಯಾಗುವ ವಾಟ್ಸಾಪಿನ ವೃತ್ತಾಂತವು ಇದಕ್ಕೆ ನಿದರ್ಶನ.

ಅದನ್ನು 2009ರಲ್ಲಿ ಅಮೆರಿಕದಲ್ಲಿ ಕಟ್ಟಿದವರು ಜಾನ್ ಕೌಮ್ ಮತ್ತು ಬ್ರಯಾನ್ ಆಕ್ಟನ್. ಕೌಮ್ ಅವರು ದೂರವಾಣಿಯ ಮಾತನ್ನು ಸರಕಾರವೇ ಕದ್ದು ಕೇಳುತ್ತಿದ್ದ ಸೋವಿಯತ್ ಉಕ್ರೇನಿನಲ್ಲಿ ಬೆಳೆದವರು. ತಾಯಿಯೊಡನೆ ಬಡತನದಲ್ಲಿ ವಲಸೆ ಬಂದವರು. ಜಾಹೀರಾತು ಕೂಡದು, ಆಟಪಾಟ ಕೂಡದು ಎಂದು ಆಕ್ಟನ್ ಬರೆದುಕೊಟ್ಟ ಚೀಟಿಯನ್ನು ಅವರು ಮೇಜಿನ ಮೇಲೆ ಇರಿಸಿಕೊಂಡಿದ್ದರು. ಒಬ್ಬರ ಸಂದೇಶ ಮತ್ತೊಬ್ಬರಿಗೆ ತಪ್ಪದೆ ತಲುಪಬೇಕು; ಮಿಕ್ಕುದೆಲ್ಲ ಅನಾವಶ್ಯಕ. ಈ ಮಿತಿಯ ಬಲದಿಂದಲೇ 2014ರ ವೇಳೆಗೆ ಕೇವಲ 55ರಷ್ಟು ನೌಕರರು 45 ಕೋಟಿ ಜನರ ಸೇವೆ ನಡೆಸುತ್ತಿದ್ದರು.

ಅದೇ ವರ್ಷ ಅದನ್ನು ಸುಮಾರು 1900 ಕೋಟಿ ಡಾಲರುಗಳಿಗೆ ಫೇಸ್‌ಬುಕ್ಕಿಗೆ ಮಾರಿದರು. ಅಲ್ಲಿಗೆ ವ್ರತವು ಪರಾಧೀನವಾಯಿತು. ಜಾಹೀರಾತಿನ ವಿಷಯದಲ್ಲಿ ಮನಸ್ಸು ಒಪ್ಪದೆ ಆಕ್ಟನ್ 2017ರಲ್ಲಿ ಹೊರಬಂದರು. ಬರಬೇಕಾಗಿದ್ದ ಸುಮಾರು 85 ಕೋಟಿ ಡಾಲರುಗಳ ಷೇರುಗಳನ್ನು ತೊರೆದರು. ಮರುವರ್ಷ 5 ಕೋಟಿ ಡಾಲರುಗಳನ್ನು ಸಿಗ್ನಲ್ ಪ್ರತಿಷ್ಠಾನಕ್ಕೆ ಒದಗಿಸಿದರು. ಇತ್ತ ವಾಟ್ಸಾಪಿನಲ್ಲಿ 2025ರಲ್ಲಿ ಜಾಹೀರಾತು ಬಂದೇ ಬಂದಿತು.

ಸದ್ಭಕ್ತರೇ, ಸಂಕಲ್ಪವು ಶುದ್ಧವಾಗಿದ್ದರಷ್ಟೇ ಸಾಲದು. ಕಾಯಕಕ್ಕೆ ಬೆಲೆ ಬಂದ ದಿನ ಅದನ್ನು ಯಾರ ಕೈಗೆ ಒಪ್ಪಿಸುತ್ತೇವೆಂಬುದೂ ಕಾಯಕವೇ. ಅಂಗಡಿಯಾಗಲಿ, ಹೊಲವಾಗಲಿ, ಅಂದು ಎಚ್ಚರ ತಪ್ಪದಿರೋಣ.