ನೋಡುತ್ತ ನಿಂತವರ ಪಾಲು

1994ರ ಏಪ್ರಿಲ್ 11. ರುವಾಂಡಾದ ರಾಜಧಾನಿ ಕಿಗಾಲಿಯ ಒಂದು ತಾಂತ್ರಿಕ ಶಾಲೆಯ ಆವರಣದಲ್ಲಿ ಎರಡು ಸಾವಿರದಷ್ಟು ಜನ ಜೀವ ಕೈಯಲ್ಲಿ ಹಿಡಿದು ಕೂತಿದ್ದರು. ಹೆಚ್ಚಿನವರು ನರಮೇಧಕ್ಕೆ ಗುರಿಯಾಗಿದ್ದ ಟುಟ್ಸಿ ಜನಾಂಗದವರು. ಗೇಟಿನಾಚೆ ಮಚ್ಚು ಹಿಡಿದ ಹಂತಕರ ಗುಂಪು, ಒಳಗೆ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಬೆಲ್ಜಿಯಂ ಸೈನಿಕರು. ಆ ಸೈನಿಕರು ಇದ್ದಾರೆಂಬ ಒಂದೇ ಕಾರಣಕ್ಕೆ ಗುಂಪು ಒಳಗೆ ನುಗ್ಗಿರಲಿಲ್ಲ. ಆ ದಿನ ಸೈನಿಕರಿಗೆ ಹೊರಡುವಂತೆ ಆದೇಶ ಬಂತು, ಹೊರಟರು. ಕೆಲವೇ ಗಂಟೆಗಳಲ್ಲಿ ಹಂತಕರು ಅಲ್ಲಿದ್ದ ಬಹುಪಾಲು ಜನರನ್ನು ನ್ಯಾಂಜಾ ಎಂಬ ಗುಡ್ಡದ ಕಡೆಗೆ ನಡೆಸಿಕೊಂಡು ಹೋಗಿ ಕೊಂದರು.

ಮೈಕೆಲ್ ಕೇಟನ್-ಜೋನ್ಸ್ ನಿರ್ದೇಶಿಸಿದ ‘ಶೂಟಿಂಗ್ ಡಾಗ್ಸ್’ (2005) ಚಿತ್ರದ ಕಥೆ ಇದೇ. ಅದೇ ಶಾಲೆಯಲ್ಲೇ ಚಿತ್ರೀಕರಣ ನಡೆಯಿತು. ಬದುಕುಳಿದ ಕೆಲವರು ಚಿತ್ರತಂಡದಲ್ಲೇ ಕೆಲಸ ಮಾಡಿದರು. ಸೈನಿಕರು ಹೊರಡುವ ಮುನ್ನ ಆಶ್ರಿತರಲ್ಲೊಬ್ಬ ಕ್ಯಾಪ್ಟನ್ ಬಳಿ ಬಂದು ಒಂದು ಕೋರಿಕೆ ಇಡುತ್ತಾನೆ. ಹೋಗುವ ಮೊದಲು ನಮ್ಮನ್ನು ನೀವೇ ಗುಂಡಿಟ್ಟು ಕೊಂದುಬಿಡಿ, ಮಚ್ಚಿನೇಟಿಗೆ ಬಿಟ್ಟು ಹೋಗಬೇಡಿ. ಅದಾಗದು ಎಂದಾಗ, ಮಕ್ಕಳನ್ನಾದರೂ ಎಂದು ಕೇಳುತ್ತಾನೆ. ಕ್ಯಾಪ್ಟನ್ ತಲೆಯಾಡಿಸಲಾರ. ಚಿತ್ರದ ಹೆಸರು ಬಂದದ್ದು ಇನ್ನೊಂದು ಸನ್ನಿವೇಶದಿಂದ. ಬೀದಿಯಲ್ಲಿ ಬಿದ್ದ ಹೆಣಗಳನ್ನು ತಿನ್ನುವ ನಾಯಿಗಳಿಂದ ರೋಗ ಹರಡಬಹುದೆಂದು ಸೈನಿಕರು ಅವಕ್ಕೆ ಗುಂಡು ಹಾರಿಸಲು ಮುಂದಾಗುತ್ತಾರೆ. ತಮ್ಮ ಮೇಲೆ ಯಾರಾದರೂ ಗುಂಡು ಹಾರಿಸಿದರೆ ಮಾತ್ರ ತಿರುಗಿ ಹಾರಿಸಬಹುದು ಎಂಬುದು ಅವರಿಗಿದ್ದ ನಿಯಮ. ಹಾಗಾದರೆ ಆ ನಾಯಿಗಳು ನಿಮ್ಮ ಮೇಲೆ ಗುಂಡು ಹಾರಿಸಿದವೇ ಎಂದು ಶಾಲೆಯ ಪಾದ್ರಿ ಕೇಳುತ್ತಾನೆ.

ಕೊಂದವನ ಅಪರಾಧವನ್ನು ಗುರುತಿಸಲು ತತ್ತ್ವಶಾಸ್ತ್ರ ಬೇಕಿಲ್ಲ. ಆ ಕ್ಯಾಪ್ಟನ್ನನದ್ದು ಏನು? ಅವನ ಮೇಲಿನವರದ್ದು, ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಮೇಜಿನ ಸುತ್ತ ಕೂತವರದ್ದು, ಟಿವಿಯಲ್ಲಿ ನೋಡಿದವರದ್ದು ಏನು? ಮಾಡಿದ್ದಕ್ಕೂ ಮಾಡದೆ ಬಿಟ್ಟದ್ದಕ್ಕೂ ಇರುವ ವ್ಯತ್ಯಾಸ ನೀತಿಶಾಸ್ತ್ರದ ಬಹು ಹಳೆಯ ತೊಡಕು. ಸಾಮಾನ್ಯವಾಗಿ ನಾವು ಕೊಲ್ಲುವುದನ್ನೂ ಸಾಯಲು ಬಿಡುವುದನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಅದಕ್ಕೆ ಕಾರಣವೂ ಇದೆ. ಈ ಕ್ಷಣ ನಾನು ಮಾಡದೆ ಇರುವ ಕೆಲಸಗಳಿಗೆ ಲೆಕ್ಕವಿಲ್ಲ. ಅವೆಲ್ಲಕ್ಕೂ ನಾನೇ ಹೊಣೆ ಎಂದರೆ ಬದುಕುವುದೇ ಸಾಧ್ಯವಾಗದು. ಹಾಗೆಂದು ಮಾಡದೆ ಬಿಟ್ಟದ್ದಕ್ಕೆ ಹೊಣೆಯೇ ಇಲ್ಲ ಎಂದುಬಿಟ್ಟರೆ, ಬೇಲಿಯ ಈಚೆ ಕೈಕಟ್ಟಿ ನಿಂತವರೆಲ್ಲ ನಿರಪರಾಧಿಗಳಾಗುತ್ತಾರೆ.

ಈ ಚರ್ಚೆಗೆ ನಮ್ಮ ಕಾಲದಲ್ಲಿ ಹೊಸ ಬಿಸಿ ತಂದವನು ಆಸ್ಟ್ರೇಲಿಯಾದ ಪೀಟರ್ ಸಿಂಗರ್. ಅವನ ಪ್ರಬಂಧ ಹುಟ್ಟಿದ್ದು ನಮ್ಮ ಪಕ್ಕದಲ್ಲೇ ನಡೆದ ದುರಂತದಿಂದ. 1971ರಲ್ಲಿ ಪೂರ್ವ ಬಂಗಾಳದಿಂದ ಲಕ್ಷಗಟ್ಟಲೆ ನಿರಾಶ್ರಿತರು ಭಾರತಕ್ಕೆ ಹರಿದು ಬರುತ್ತಿದ್ದಾಗ ಸಿಂಗರ್ ಒಂದು ಪ್ರಶ್ನೆ ಕೇಳಿದ. ದಾರಿಬದಿಯ ಆಳವಿಲ್ಲದ ಕೊಳದಲ್ಲಿ ಒಂದು ಮಗು ಮುಳುಗುತ್ತಿದೆ. ಇಳಿದರೆ ನಿಮ್ಮ ಬಟ್ಟೆ ಕೆಸರಾಗುತ್ತದೆ, ಅಷ್ಟೇ. ಇಳಿಯುವುದಿಲ್ಲವೇ? ಇಳಿಯುತ್ತೇನೆ ಎನ್ನುವುದಾದರೆ, ಮಗು ಹತ್ತು ಹೆಜ್ಜೆ ದೂರದಲ್ಲಿದೆಯೋ ಹತ್ತು ಸಾವಿರ ಮೈಲಿ ದೂರದಲ್ಲಿದೆಯೋ ಎಂಬುದರಿಂದ ಏನು ವ್ಯತ್ಯಾಸವಾಗುತ್ತದೆ? ಸುತ್ತ ಬೇರೆಯವರೂ ನಿಂತಿದ್ದಾರೆ, ಅವರೂ ಇಳಿಯುತ್ತಿಲ್ಲ ಎಂಬುದರಿಂದ ನಿಮ್ಮ ಹೊಣೆ ಹೇಗೆ ಕಡಿಮೆಯಾಗುತ್ತದೆ?

ಸಿಂಗರ್ ಮಾತಾಡುತ್ತಿದ್ದುದು ಹಣದ ನೆರವಿನ ಬಗ್ಗೆ, ಸೈನ್ಯ ಕಳಿಸುವ ಬಗ್ಗೆಯಲ್ಲ. ನರಮೇಧದ ಕೊಳದಲ್ಲಿ ಮಗುವನ್ನು ಮುಳುಗಿಸುತ್ತಿರುವವನೂ ಇದ್ದಾನೆ, ಅವನ ಕೈಯಲ್ಲಿ ಆಯುಧವಿದೆ. ಇಳಿದವನು ಸಾಯಬಹುದು, ಬೇರೆಯವರನ್ನು ಸಾಯಿಸಬಹುದು, ರಕ್ಷಣೆಯ ನೆಪದಲ್ಲಿ ಕೊಳವನ್ನೇ ತನ್ನದಾಗಿಸಿಕೊಳ್ಳಲೂಬಹುದು. ಈ ಆಕ್ಷೇಪಣೆಗಳನ್ನು ನಾನು ಹಗುರವಾಗಿ ಕಾಣುವುದಿಲ್ಲ. 1971ರ ಡಿಸೆಂಬರಿನಲ್ಲಿ ಭಾರತ ಪೂರ್ವ ಬಂಗಾಳದಲ್ಲಿ ಸೈನ್ಯ ಇಳಿಸಿದಾಗ ವಿಶ್ವಸಂಸ್ಥೆಯ ಮಹಾಸಭೆ 104 ಮತಗಳಿಂದ ಕದನ ವಿರಾಮಕ್ಕೆ ಕರೆ ಕೊಟ್ಟಿತು. ವಿರುದ್ಧ ಬಿದ್ದದ್ದು ಹನ್ನೊಂದೇ ಮತ. ಪರರ ಗಡಿ ದಾಟುವುದನ್ನು ಜಗತ್ತು ಅಷ್ಟು ಅಪಾಯಕಾರಿ ಎಂದು ಕಂಡಿತ್ತು. ಆದರೆ ಆ ಮಾರ್ಚಿನಿಂದ ಅಲ್ಲಿ ನಡೆಯುತ್ತಿದ್ದ ಕೊಲೆಗಳನ್ನು ನಿಲ್ಲಿಸಲು ಅದೇ ತುರ್ತು ಯಾರಿಗೂ ಇರಲಿಲ್ಲ. ಭಾರತದ ನಡೆಯಲ್ಲಿ ತನ್ನ ಹಿತವೂ ಬೆರೆತಿತ್ತು ಎಂಬುದು ನಿಜ. ಹಿತ ಬೆರೆತಿದೆ ಎಂದಮಾತ್ರಕ್ಕೆ ಉಳಿದ ಜೀವಗಳು ಉಳಿಯಲಿಲ್ಲ ಎಂದಾಗುವುದಿಲ್ಲ.

ಹಾಗಾದರೆ ಮಾಡದೆ ಬಿಟ್ಟ ಯಾವ ಕೆಲಸಕ್ಕೆ ನಾವು ಹೊಣೆಗಾರರು? ಮೂರು ಸಂಗತಿಗಳು ಕೂಡಿದಾಗ ಹೊಣೆ ತಪ್ಪಿಸಿಕೊಳ್ಳಲು ಜಾಗ ಉಳಿಯುವುದಿಲ್ಲ ಎನ್ನಬಹುದು: ಗೊತ್ತಿತ್ತು, ಕೈಲಾಗುತ್ತಿತ್ತು, ಮಾತು ಕೊಟ್ಟಿದ್ದೆವು. ರುವಾಂಡಾದಲ್ಲಿ ಮೂರೂ ಇದ್ದವು.

ಗೊತ್ತಿತ್ತು. ಅಲ್ಲಿನ ಶಾಂತಿಪಾಲನಾ ಪಡೆಯ ದಂಡನಾಯಕ, ಕೆನಡಾದ ರೋಮಿಯೊ ಡಲೇರ್, ನರಮೇಧ ಶುರುವಾಗುವ ಮೂರು ತಿಂಗಳ ಮೊದಲೇ, ಜನವರಿ 11ರಂದು, ಬಚ್ಚಿಟ್ಟ ಆಯುಧಗಳ ಬಗ್ಗೆ ನ್ಯೂಯಾರ್ಕಿಗೆ ತಂತಿ ಕಳಿಸಿದ್ದರು. ಅವನ್ನು ವಶಪಡಿಸಿಕೊಳ್ಳಲು ಹೊರಟರೆ, ಅದು ನಿಮ್ಮ ಅಧಿಕಾರ ವ್ಯಾಪ್ತಿಗೆ ಬರುವುದಿಲ್ಲ ಎಂಬ ಉತ್ತರ ಬಂತು. ಮಾತು ಕೊಟ್ಟಾಗಿತ್ತು. 1948ರ ಡಿಸೆಂಬರಿನ ನರಮೇಧ ಒಡಂಬಡಿಕೆಯ ಮೊದಲ ವಿಧಿಯೇ, ಸಹಿ ಹಾಕಿದ ದೇಶಗಳು ಈ ಅಪರಾಧವನ್ನು ತಡೆಯುತ್ತೇವೆ ಎಂದು ಒಪ್ಪಿಕೊಳ್ಳುವ ವಿಧಿ. ಆ ಹೊಣೆ ಮೈಮೇಲೆ ಬಂದೀತೆಂದೇ ಅಮೆರಿಕದ ವಕ್ತಾರರು ವಾರಗಟ್ಟಲೆ ‘ನರಮೇಧ’ ಎಂದು ನೇರವಾಗಿ ಹೇಳದೆ ತಪ್ಪಿಸಿಕೊಂಡರು. ಟೆರಿ ಜಾರ್ಜ್ ಅವರ ‘ಹೋಟೆಲ್ ರುವಾಂಡಾ’ (2004) ಚಿತ್ರದಲ್ಲಿ ಆ ತಡವರಿಕೆ ರೇಡಿಯೊದಿಂದ ಕೇಳಿಬರುತ್ತದೆ.

ಕೈಲಾಗುತ್ತಿತ್ತೇ? ಇಲ್ಲಿ ಸಿನಿಮಾಗಳು ಹೇಳುವುದು ಎದೆಗೆ ನಾಟುವಂಥದ್ದು. ‘ಹೋಟೆಲ್ ರುವಾಂಡಾ’ದಲ್ಲಿ ವಿದೇಶಿ ಸೈನಿಕರು ಬರುತ್ತಾರೆ. ಹೋಟೆಲಿನಲ್ಲಿ ಅಡಗಿದವರಿಗೆ ಹೋದ ಜೀವ ಬಂದಂತಾಗುತ್ತದೆ. ಬಂದವರು ಸುರಿವ ಮಳೆಯಲ್ಲಿ ಬಿಳಿಯರನ್ನು ಮಾತ್ರ ಬಸ್ಸು ಹತ್ತಿಸುತ್ತಾರೆ. ಅನಾಥ ಮಕ್ಕಳನ್ನು ಕರೆತಂದ ಕನ್ಯಾಸ್ತ್ರೀಯರಿಂದ ಮಕ್ಕಳನ್ನು ಬೇರೆ ಮಾಡುತ್ತಾರೆ. ‘ಶೂಟಿಂಗ್ ಡಾಗ್ಸ್’ನಲ್ಲಿಯೂ ಲಾರಿಗಳು ಬರುವುದು ಇದೇ ಕೆಲಸಕ್ಕೆ. ಚರಿತ್ರೆಯೂ ಹೀಗೇ ಇದೆ: ಏಪ್ರಿಲ್ ಎರಡನೆಯ ವಾರದಲ್ಲಿ ಫ್ರಾನ್ಸ್, ಬೆಲ್ಜಿಯಂ, ಇಟಲಿಗಳ ಸುಸಜ್ಜಿತ ಪಡೆಗಳು ಕಿಗಾಲಿಗೆ ಬಂದಿಳಿದು, ತಮ್ಮವರನ್ನು ಕರೆದುಕೊಂಡು ಹಾರಿಹೋದವು. ಏಪ್ರಿಲ್ 21ರಂದು ಭದ್ರತಾ ಮಂಡಳಿ, ಸುಮಾರು 2,500 ಇದ್ದ ಶಾಂತಿಪಾಲನಾ ಪಡೆಯನ್ನು 270ಕ್ಕೆ ಇಳಿಸುವ ನಿರ್ಣಯ ಮಾಡಿತು. ನೂರು ದಿನಗಳಲ್ಲಿ ಸತ್ತವರು ವಿಶ್ವಸಂಸ್ಥೆಯ ಅಂದಾಜಿನಂತೆ ಎಂಟು ಲಕ್ಷ.

ಜಗತ್ತು ‘ಏನೂ ಮಾಡಲಿಲ್ಲ’ ಎಂದು ನಾವು ಹೇಳುವುದು ಆದ್ದರಿಂದ ಪೂರ್ತಿ ಸರಿಯಲ್ಲ. ಸುಮ್ಮನಿರಲು ಬಹಳ ಕೆಲಸ ಮಾಡಬೇಕಾಯಿತು. ವಿಮಾನ ಗೊತ್ತುಮಾಡಬೇಕಿತ್ತು, ಪಟ್ಟಿ ಬರೆಯಬೇಕಿತ್ತು, ನಿರ್ಣಯದ ಕರಡು ತಿದ್ದಬೇಕಿತ್ತು, ಯಾರನ್ನು ಹತ್ತಿಸಬೇಕು ಯಾರನ್ನು ಇಳಿಸಬೇಕು ಎಂದು ಗೇಟಿನಲ್ಲಿ ನಿಂತು ಆರಿಸಬೇಕಿತ್ತು. ಮಾಡದಿರುವುದು ಬರೀ ಶೂನ್ಯವಲ್ಲ, ಅದರೊಳಗೆ ನೂರಾರು ಸಣ್ಣ ಕೆಲಸಗಳಿವೆ, ಪ್ರತಿಯೊಂದನ್ನೂ ಹೆಸರುಳ್ಳ ಒಬ್ಬ ಮನುಷ್ಯ ಮಾಡಿದ್ದಾನೆ ಎಂಬುದನ್ನು ಈ ಚಿತ್ರಗಳು ಕಣ್ಣಿಗೆ ಕಟ್ಟುತ್ತವೆ.

ಮಹಾಭಾರತ ಇದನ್ನು ಪಾಲಿನ ಲೆಕ್ಕದಲ್ಲಿ ಹೇಳುತ್ತದೆ. ಸಭಾಪರ್ವದಲ್ಲಿ ದ್ರೌಪದಿಯ ಪ್ರಶ್ನೆಗೆ ಹಿರಿಯರೆಲ್ಲ ಬಾಯಿ ಮುಚ್ಚಿ ಕೂತಾಗ, ವಿದುರ ಪ್ರಹ್ಲಾದನ ಒಂದು ಪ್ರಸಂಗ ತೆಗೆಯುತ್ತಾನೆ. ನಿಂದ್ಯವಾದದ್ದನ್ನು ಸಭೆ ನಿಂದಿಸದೆ ಬಿಟ್ಟರೆ ಪಾಪದ ಅರ್ಧ ಸಭೆಯ ಹಿರಿಯನಿಗೆ, ಕಾಲು ಮಾಡಿದವನಿಗೆ, ಉಳಿದ ಕಾಲು ಸುಮ್ಮನೆ ಕೂತ ಸಭಿಕರಿಗೆ. ನಿಂದಿಸಿದರೆ ಸಭಿಕರು ಬಿಡುಗಡೆ ಹೊಂದುತ್ತಾರೆ, ಪೂರ್ತಿ ಪಾಪ ಮಾಡಿದವನ ತಲೆಗೇ ಹೋಗುತ್ತದೆ. ಅಧಿಕಾರದ ಪೀಠದಲ್ಲಿ ಕೂತವನ ಮೌನಕ್ಕೆ ಕೃತ್ಯದ ಎರಡರಷ್ಟು ತೂಕ! ಭದ್ರತಾ ಮಂಡಳಿಯನ್ನು ನೆನೆದಾಗಲೆಲ್ಲ ಈ ಹಂಚಿಕೆ ನನಗೆ ನ್ಯಾಯವಾಗಿ ಕಾಣುತ್ತದೆ. ಆದರೆ ಇದರಲ್ಲಿ ಒಂದು ತೊಡಕೂ ಇದೆ. ಪಾಪವನ್ನು ಒಂದು ನಿಗದಿತ ಮೊತ್ತ ಎಂದುಕೊಂಡರೆ, ನೋಡಿದವರ ಪಾಲು ಹೆಚ್ಚಿದಷ್ಟೂ ಕೊಂದವನ ಪಾಲು ಇಳಿಯಬೇಕು. ಹಾಗಾಗಕೂಡದು. ಕೊಂದವನದು ಪೂರ್ತಿಯೇ ಇರುತ್ತದೆ. ನೋಡಿದವನದು ಅದರ ಮೇಲೆ ಸೇರುತ್ತದೆ.

ನಮ್ಮ ಕಾಲದ ನ್ಯಾಯಾಲಯವೊಂದು ಇಂಥದೇ ಪಾಲು ಹಾಕಿದೆ. ಬೋಸ್ನಿಯಾದ ಸ್ರೆಬ್ರೆನಿಟ್ಸಾ ಪಟ್ಟಣವನ್ನು 1993ರಲ್ಲಿ ವಿಶ್ವಸಂಸ್ಥೆ ‘ಸುರಕ್ಷಿತ ಪ್ರದೇಶ’ ಎಂದು ಸಾರಿತ್ತು. ಕಾವಲಿಗೆ ಡಚ್ ಸೈನಿಕರಿದ್ದರು. 1995ರ ಜುಲೈನಲ್ಲಿ ರಾಟ್ಕೊ ಮ್ಲಾಡಿಚ್‌ನ ಬೋಸ್ನಿಯನ್ ಸರ್ಬ್ ಸೇನೆ ಪಟ್ಟಣಕ್ಕೆ ನುಗ್ಗಿ, ಎಂಟು ಸಾವಿರದಷ್ಟು ಮುಸ್ಲಿಂ ಗಂಡಸರನ್ನೂ ಹುಡುಗರನ್ನೂ ಕೊಂದಿತು. ಡಚ್ಚರ ನೆಲೆಯೊಳಗೆ ಆಶ್ರಯ ಪಡೆದಿದ್ದ 350 ಗಂಡಸರನ್ನು ಜುಲೈ 13ರಂದು ಹೊರಗೆ ಕಳಿಸಲಾಯಿತು. 2019ರಲ್ಲಿ ನೆದರ್‌ಲೆಂಡ್ಸಿನ ಸುಪ್ರೀಂ ಕೋರ್ಟು, ಅವರ ಸಾವಿನ ನಷ್ಟಕ್ಕೆ ಡಚ್ ಸರಕಾರ ಶೇಕಡಾ 10ರಷ್ಟು ಹೊಣೆ ಎಂದಿತು. ಒಳಗೇ ಉಳಿಸಿಕೊಂಡಿದ್ದರೂ ಅವರು ಬದುಕುಳಿಯುವ ಸಂಭವ ಅಷ್ಟೇ ಇತ್ತು ಎಂಬ ಎಣಿಕೆ. ಕೆಳಗಿನ ನ್ಯಾಯಾಲಯ ಶೇಕಡಾ 30 ಎಂದಿತ್ತು.

ಪರಿಹಾರ ಕೊಡಬೇಕಾದ ನ್ಯಾಯಾಲಯಕ್ಕೆ ಯಾವುದೋ ಒಂದು ಅಂಕಿ ಬೇಕೇ ಬೇಕು, ಅದನ್ನು ದೂರಲಾರೆ. ಆದರೆ ‘ನಾನು ಮಾಡಿದ್ದರೂ ಏನೂ ಆಗುತ್ತಿರಲಿಲ್ಲ’ ಎಂಬ ಸಮರ್ಥನೆ ನೈತಿಕವಾಗಿ ಎಷ್ಟು ಟೊಳ್ಳು ಎಂಬುದನ್ನು 2007ರಲ್ಲೇ ಅಂತರರಾಷ್ಟ್ರೀಯ ನ್ಯಾಯಾಲಯ ತೋರಿಸಿಕೊಟ್ಟಿತ್ತು. ಬೋಸ್ನಿಯಾ ಸರ್ಬಿಯಾದ ಮೇಲೆ ಹೂಡಿದ ದಾವೆಯಲ್ಲಿ ಅದು ಹೇಳಿದ್ದರ ತಾತ್ಪರ್ಯ ಇಷ್ಟು: ತಡೆಯುವ ಹೊಣೆ ಎಂದರೆ ಗೆದ್ದೇ ತೀರುವ ಹೊಣೆಯಲ್ಲ, ಕೈಲಾದದ್ದೆಲ್ಲವನ್ನೂ ಮಾಡುವ ಹೊಣೆ. ಒಬ್ಬನಿಂದಲೇ ಆಗುತ್ತಿರಲಿಲ್ಲ ಎಂಬುದು ನೆಪವಾಗದು, ಹಲವರು ಕೈಜೋಡಿಸಿದ್ದರೆ ಆಗುತ್ತಿತ್ತೇನೋ. ಸರ್ಬಿಯಾ ಈ ಹೊಣೆಯಲ್ಲಿ ತಪ್ಪಿದೆ ಎಂದು ಸಾರಿದ ಅದೇ ನ್ಯಾಯಾಲಯ, ತಡೆಯಲು ಯತ್ನಿಸಿದ್ದರೆ ಸ್ರೆಬ್ರೆನಿಟ್ಸಾದ ನರಮೇಧ ತಪ್ಪುತ್ತಿತ್ತೆಂಬುದು ಸಾಬೀತಾಗಿಲ್ಲವೆಂದು ಹಣದ ಪರಿಹಾರವನ್ನೇನೂ ಕೊಡಿಸಲಿಲ್ಲ.

ಕಾನೂನು ನಿಲ್ಲುವ ಈ ಗೆರೆಯಾಚೆಗೂ ಅಪರಾಧವಿದೆ ಎಂದವನು ಜರ್ಮನಿಯ ಕಾರ್ಲ್ ಯಾಸ್ಪರ್ಸ್. ಹೆಂಡತಿ ಯಹೂದಿ ಎಂಬ ಕಾರಣಕ್ಕೆ 1937ರಲ್ಲಿ ಪ್ರಾಧ್ಯಾಪಕ ಹುದ್ದೆ ಕಳೆದುಕೊಂಡ ಆತ, ಯುದ್ಧ ಮುಗಿದ ಚಳಿಗಾಲದಲ್ಲಿ ಹೈಡಲ್‌ಬರ್ಗಿನಲ್ಲಿ ಸೋತ ದೇಶದ ವಿದ್ಯಾರ್ಥಿಗಳ ಮುಂದೆ ನಿಂತು, ಅಪರಾಧದಲ್ಲಿ ನಾಲ್ಕು ಬಗೆಗಳನ್ನು ಗುರುತಿಸಿದ. ಕಾನೂನು ಮುರಿದವನದು ಕ್ರಿಮಿನಲ್ ಅಪರಾಧ. ಸರಕಾರದ ಕೃತ್ಯಕ್ಕೆ ಪ್ರಜೆಯಾಗಿ ತೆರಬೇಕಾದ ಬೆಲೆ ರಾಜಕೀಯದ್ದು. ಆದೇಶವಿತ್ತು ಎಂದರೂ ಅಂತಃಸಾಕ್ಷಿ ಬಿಡದೆ ಕೇಳುವುದು ನೈತಿಕವಾದದ್ದು. ನಾಲ್ಕನೆಯದನ್ನು ಆತ ತಾತ್ತ್ವಿಕ ಅಪರಾಧ ಎಂದ. ಮನುಷ್ಯರಾಗಿ ನಮ್ಮೆಲ್ಲರ ನಡುವೆ ಒಂದು ನಂಟಿದೆ. ನನ್ನ ಕಣ್ಣೆದುರು ಇನ್ನೊಬ್ಬನನ್ನು ಕೊಂದಾಗ, ಜೀವದ ಹಂಗು ತೊರೆದು ತಡೆಯಲು ಹೋಗದೆ ನಾನು ಉಳಿದಿದ್ದೇನೆ ಎಂಬುದೇ ಒಂದು ಕಳಂಕ. ಯಾವ ನ್ಯಾಯಾಲಯಕ್ಕೂ ಇದನ್ನು ವಿಚಾರಿಸುವ ಅಧಿಕಾರವಿಲ್ಲ.

ಯಾಸ್ಪರ್ಸ್‌ನ ಶಿಷ್ಯೆ ಹಾನಾ ಅರೆಂಟ್‌ಗೆ ಇಂಥ ಮಾತಿನ ಬಗ್ಗೆ ಎಚ್ಚರವಿತ್ತು. ಎಲ್ಲರೂ ಅಪರಾಧಿಗಳು ಎಂದುಬಿಟ್ಟರೆ ನಿಜವಾದ ಅಪರಾಧಿ ಗುಂಪಿನಲ್ಲಿ ಮರೆಯಾಗುತ್ತಾನೆ ಎಂಬುದು ಅವಳ ಆತಂಕ. ಅದು ಸರಿಯೇ. ಆದರೆ ಯಾಸ್ಪರ್ಸ್ ಬೆರಳು ತೋರಿಸುತ್ತಿದ್ದುದು ಬೇರೆಯವರತ್ತ ಅಲ್ಲ. ಈ ನಾಲ್ಕನೆಯ ಆರೋಪವನ್ನು ತನ್ನ ಮೇಲೆ ತಾನೇ ಹೊರಿಸಿಕೊಳ್ಳಬಹುದು, ಅಷ್ಟೇ. ಡಲೇರ್ ಅದನ್ನು ಹೊತ್ತರು. ಉಳಿದ ಕೆಲವೇ ಸೈನಿಕರೊಂದಿಗೆ ಕೊನೆಯವರೆಗೆ ಕಿಗಾಲಿಯಲ್ಲೇ ನಿಂತು ಸಾವಿರಾರು ಜನರನ್ನು ಉಳಿಸಿದ ಆ ಮನುಷ್ಯ, ಊರಿಗೆ ಮರಳಿದ ಮೇಲೆ ವರ್ಷಗಟ್ಟಲೆ ಖಿನ್ನತೆಯಲ್ಲಿ ಬೆಂದರು, ಸಾಯಲು ಯತ್ನಿಸಿದರು. ಭದ್ರತಾ ಮಂಡಳಿಯಲ್ಲಿ ಕೈಯೆತ್ತಿದವರು ಹಾಗೆ ಬೆಂದ ಸುದ್ದಿ ಕೇಳಿಲ್ಲ.

ಅಪರಾಧದ ಈ ನಾಲ್ಕೂ ಬಗೆಗಳನ್ನು ಒಂದೇ ಕಟ್ಟಡದೊಳಗೆ ತಂದು ನಿಲ್ಲಿಸುವ ಚಿತ್ರ ಬೋಸ್ನಿಯಾದ ಯಾಸ್ಮಿಲಾ ಜ್ಬಾನಿಚ್ ಅವರ ‘ಕ್ವೊ ವಾಡಿಸ್, ಐಡಾ?’ (2020). ಶಾಲಾ ಶಿಕ್ಷಕಿಯಾಗಿದ್ದ ಐಡಾ ಸ್ರೆಬ್ರೆನಿಟ್ಸಾದ ಡಚ್ ನೆಲೆಯಲ್ಲಿ ದುಭಾಷಿ. ಗಂಡ, ಇಬ್ಬರು ಗಂಡುಮಕ್ಕಳು ಅದೇ ನೆಲೆಯಲ್ಲಿ ಆಶ್ರಯ ಪಡೆದಿದ್ದಾರೆ. ಅವಳು ಒಂದು ಕೋಣೆಯಿಂದ ಇನ್ನೊಂದಕ್ಕೆ ಓಡುತ್ತಲೇ ಇರುತ್ತಾಳೆ. ವಿಶ್ವಸಂಸ್ಥೆಯ ಸಿಬ್ಬಂದಿ ಪಟ್ಟಿಯಲ್ಲಿ ಮಕ್ಕಳ ಹೆಸರು ಸೇರಿಸಿ ಎಂದು ಗೋಗರೆಯುತ್ತಾಳೆ. ನಿಯಮ ಬಿಡುವುದಿಲ್ಲ ಎನ್ನುತ್ತಾನೆ ಅಧಿಕಾರಿ. ಅವನ ದನಿಯಲ್ಲಿ ಕ್ರೌರ್ಯವಿಲ್ಲ, ಆಯಾಸವಿದೆ.

ಜ್ಬಾನಿಚ್ ಕೊಲೆಗಳನ್ನು ತೆರೆಯ ಮೇಲೆ ಹರಡುವುದಿಲ್ಲ. ಚಿತ್ರದ ಬಹುಪಾಲನ್ನು ಅವರು ಕೊಟ್ಟಿರುವುದು ಅದಕ್ಕೆ ಮುಂಚಿನ ಗಂಟೆಗಳಿಗೆ. ಚರಿತ್ರೆಯಲ್ಲಿ ಓದುವಾಗ ನಮಗೆ ಕೊನೆ ಮೊದಲೇ ಗೊತ್ತು, ಹಾಗಾಗಿ ನಡೆದದ್ದೆಲ್ಲ ನಡೆಯಲೇಬೇಕಿತ್ತು ಎಂಬಂತೆ ಕಾಣುತ್ತದೆ; ಶೇಕಡಾವಾರು ಲೆಕ್ಕ ಹುಟ್ಟುವುದೂ ಹಾಗೆ ಹಿಂದಿರುಗಿ ನೋಡಿದಾಗಲೇ. ಐಡಾ ಓಡಾಡುವ ಆ ಪಡಸಾಲೆಗಳಲ್ಲಿ ಇನ್ನೂ ಏನೂ ತೀರ್ಮಾನವಾಗಿಲ್ಲ. ಪಟ್ಟಿ ಮೇಜಿನ ಮೇಲಿದೆ, ಪೆನ್ನು ಅಧಿಕಾರಿಯ ಕೈಯಲ್ಲಿದೆ, ಎರಡು ಹೆಸರು ಬರೆಯಲು ಅರ್ಧ ನಿಮಿಷ ಸಾಕು. ಬರೆದರೆ ಅವರು ಉಳಿಯುತ್ತಾರೆಯೇ ಎಂಬುದು ಅವನಿಗೆ ತಿಳಿಯದು, ಐಡಾಗೂ ತಿಳಿಯದು. ಗೇಟು ದಾಟಿಸಿದ ಗಂಡಸರನ್ನು ಬೇರೆ ಸಾಲಿಗೆ ಹಾಕುತ್ತಿದ್ದಾರೆ ಎಂಬುದು ಮಾತ್ರ ಇಬ್ಬರಿಗೂ ಗೊತ್ತಿದೆ.