ತಿಳಿದ ಮೇಲೆ ಏನು ಮಾಡುವುದು?

ಮುಂಬೈ–ಆಗ್ರಾ ಹೆದ್ದಾರಿಯ ಚಾಂದವಡ್‌ನಲ್ಲಿ ರೇಣುಕಾದೇವಿಯ ಗುಡಿಯಿದೆ. ನಮ್ಮ ಸವದತ್ತಿಯ ಎಲ್ಲಮ್ಮನೂ ರೇಣುಕೆಯೇ. ಕಾಯಿಲೆ ಬಿದ್ದ ಮನೆಯವರು ಎರಡೂ ಕಡೆ ಕೇಳುವುದು ಒಂದೇ: 'ತಾಯಿ, ಮುಂದೇನು?' ಈಗ ಅದನ್ನೇ ಲ್ಯಾಬಿಗೂ ಕೇಳುತ್ತೇವೆ. ಗಡ್ಡೆಯ ಚೂರಿನಲ್ಲಿ ಪಿಡಿ-ಎಲ್1 ಎಂಬ ಪ್ರೋಟೀನು ಎಷ್ಟಿದೆಯೆಂದು ನೋಡಿ, ಇಮ್ಯುನೊಥೆರಪಿ ಫಲಿಸುವ ಸಂಭವವನ್ನು ವೈದ್ಯರು ಅಂದಾಜಿಸುತ್ತಾರೆ.

ಆದರೆ ಅಂದಾಜು ಗುಂಪಿನದು, ಹಾಸಿಗೆಯಲ್ಲಿರುವವರು ಒಬ್ಬರೇ. ಪ್ರೋಟೀನು ಹೆಚ್ಚಿದ್ದೂ ಔಷಧ ನಾಟದವರಿದ್ದಾರೆ, ಕಡಿಮೆಯಿದ್ದೂ ಚೇತರಿಸಿಕೊಂಡವರಿದ್ದಾರೆ. ಅದಕ್ಕಿಂತ ಕಷ್ಟದ್ದು ಇನ್ನೊಂದಿದೆ. 'ಫಲಿಸಬಹುದು' ಎಂಬ ವರದಿ ಊರಿನಿಂದ ನಮ್ಮ ವಾಟ್ಸಾಪಿಗೆ ಬರುತ್ತದೆ, ಔಷಧಕ್ಕೆ ಹೊಲ ಮಾರಬೇಕು. ಆಗ ಅಪ್ಪನಿಗೆ ಹೇಳದಿರುವುದೇ ಮೇಲೇ? ನನಗೆ ಹಾಗನ್ನಿಸದು. ದುಡ್ಡಿಲ್ಲವೆಂದು ಸತ್ಯವನ್ನೂ ಕೊಡದಿದ್ದರೆ ಅವರು ಎರಡು ಸಲ ಬಡವರಾದಂತೆ.

ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು 2022ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಮುಂದುವರಿದ ತಲೆ-ಕತ್ತಿನ ಕ್ಯಾನ್ಸರಿನ ಚಿಕಿತ್ಸೆಗೆ ಕೇವಲ 20 ಮಿಲಿಗ್ರಾಂ ನಿವೊಲುಮ್ಯಾಬ್ ಸೇರಿಸಿದರು. ವಾಡಿಕೆಯ ಡೋಸಿನ ಹತ್ತರಲ್ಲೊಂದು ಪಾಲಿಗೂ ಕಡಿಮೆ. ಒಂದು ವರ್ಷ ಬದುಕುಳಿದವರ ಪ್ರಮಾಣ ಶೇ. 16.3 ಇದ್ದದ್ದು ಶೇ. 43.4 ಆಯಿತು. ಔಷಧ ಕೈಗೆಟುಕದೆಂದು ತಿಳಿದವರು ಸುಮ್ಮನೆ ಕೂರಲಿಲ್ಲ.

ತಿಳಿವಳಿಕೆಯೂ ಒಂದು ಸಾಲವೇ. ಪರೀಕ್ಷೆ ಬರೆಯುವ ವೈದ್ಯರೂ ವರದಿ ತೆರೆಯುವ ಮಕ್ಕಳೂ ಮೊದಲು ರೋಗಿಯನ್ನೇ ಕೇಳಬೇಕು: ಇದನ್ನು ತಿಳಿದು ನೀವೇನು ಮಾಡಬಯಸುತ್ತೀರಿ?