ಸ್ವಂತ ಅಂಗಡಿ ಮತ್ತು ಒಡೆಯನ ಋಣ

ಚಡಚಣದ ಜವಳಿಪೇಟೆಯನ್ನರಿಯದ ಗೃಹಸ್ಥರು ನಮ್ಮ ಸೀಮೆಯಲ್ಲಿ ವಿರಳ. ಮದುವೆಯ ಜವಳಿಗೆ ಇಂಡಿ, ಸಿಂದಗಿ ಕಡೆಯವರು ಮಾತ್ರವಲ್ಲದೆ ಭೀಮೆಯಾಚೆಯ ಮಹಾರಾಷ್ಟ್ರದ ಹಳ್ಳಿಗರೂ ಇಲ್ಲಿಗೆ ಬರುವರು. ಈ ಪೇಟೆಯ ಅಂಗಡಿಯೊಂದರಲ್ಲಿ ಹದಿನೆಂಟು ವರ್ಷ ದುಡಿದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಈಚೆಗೆ ಬಂದು, “ಗುರುಗಳೇ, ಸ್ವಂತದ ಸಣ್ಣ ಅಂಗಡಿ ತೆರೆಯಬೇಕೆಂದಿರುವೆ. ಸಾವಕಾರರು ಉಂಡ ಮನೆಗೆ ಎರಡು ಬಗೆದೆ ಎನ್ನುತ್ತಾರೆ. ಇದು ದ್ರೋಹವೇ?” ಎಂದು ಕೇಳಿದನು.

ಒಡನೆ ಉತ್ತರಿಸಲು ನನಗಾಗಲಿಲ್ಲ. ಋಣವೆಂಬುದು ಹಗುರವಾದ ಮಾತಲ್ಲ. ಆದರೆ ಋಣದ ಹೆಸರಿನಲ್ಲಿ ಒಬ್ಬನ ಬಾಳನ್ನು ಕಟ್ಟಿಹಾಕುವುದು ಧರ್ಮವೇ ಎಂಬುದನ್ನೂ ವಿಚಾರಿಸಬೇಕಷ್ಟೆ.

ಈ ಪ್ರಶ್ನೆಗೆ ಜಪಾನ ದೇಶದ ಹಳೆಯ ವರ್ತಕರು ಒಂದು ದಾರಿ ಕಂಡುಕೊಂಡಿದ್ದರು. ಅಲ್ಲಿ ಅಂಗಡಿಯ ಬಾಗಿಲಿಗೆ ಮನೆತನದ ಗುರುತುಳ್ಳ ಬಟ್ಟೆಯ ಪರದೆಯೊಂದನ್ನು ಇಳಿಬಿಡುವರು. ಅದಕ್ಕೆ ‘ನೋರೆನ್’ ಎಂದು ಹೆಸರು. ಹತ್ತು ಹನ್ನೆರಡು ವರ್ಷದ ಹುಡುಗನು ಅಂಗಡಿಗೆ ಸೇರಿ, ಸಂಬಳವಿಲ್ಲದೆ ಅನ್ನಬಟ್ಟೆಗಾಗಿ ದುಡಿದು, ಲೆಕ್ಕಪತ್ರ ಕಲಿತು, ಕ್ರಮೇಣ ಮೇಲಿನ ಗುಮಾಸ್ತನಾಗುವನು. ಬಹುಕಾಲ ನಿಷ್ಠೆಯಿಂದ ದುಡಿದವರಲ್ಲಿ ಯೋಗ್ಯನಾದವನಿಗೆ ಒಡೆಯನೇ ಬಂಡವಾಳವಿತ್ತು, ತನ್ನ ಅಂಗಡಿಯ ಹೆಸರನ್ನೂ ಕೊಟ್ಟು, ಬೇರೆ ಅಂಗಡಿ ಹಾಕಿಸುವನು. ಇದಕ್ಕೆ ‘ನೋರೆನ್‌ವಾಕೆ’, ಅಂದರೆ ಪರದೆಯನ್ನು ಹಂಚಿಕೊಡುವುದು ಎನ್ನುವರು. ಎಲ್ಲರಿಗೂ ಈ ಭಾಗ್ಯ ದೊರೆಯುತ್ತಿರಲಿಲ್ಲ. ನಡುವೆಯೇ ಬಿಟ್ಟುಹೋದವರು ಅನೇಕರು. ಆ ಪದ್ಧತಿಯನ್ನು ಹಾಗೆಯೇ ತರಬೇಕೆಂದು ನಾನು ಹೇಳುತ್ತಿಲ್ಲ. ಎಳೆಯ ಮಕ್ಕಳ ದುಡಿತವು ಯಾವ ದೇಶದಲ್ಲಿದ್ದರೂ ಒಪ್ಪತಕ್ಕದ್ದಲ್ಲ. ಆದರೆ ಸೇವಕನು ಒಂದು ದಿನ ಒಡೆಯನಾಗುವನೆಂಬುದನ್ನು ಒಡೆಯನೇ ಮೊದಲಿನಿಂದ ಬಲ್ಲನಾಗಿದ್ದನು. ಅಗಲುವುದು ಅಲ್ಲಿ ದ್ರೋಹವಾಗಿರಲಿಲ್ಲ.

ಆ ಕಾಲದ ಜಪಾನಿನಲ್ಲಿ ವರ್ತಕನ ಸ್ಥಾನ ಯೋಧ, ರೈತ, ಕುಶಲಕರ್ಮಿಗಳಿಗಿಂತ ಕೆಳಗಿನದು. ಇಷಿದಾ ಬೈಗನ್ (1685–1744) ಎಂಬವನು ರೈತನ ಮಗ. ಕ್ಯೋಟೋ ನಗರದ ವರ್ತಕರ ಮನೆಯಲ್ಲಿ ಬಹುಕಾಲ ದುಡಿದವನು. ಅವನು 1729ರಲ್ಲಿ ತನ್ನ ಮನೆಯಲ್ಲೇ ಶುಲ್ಕವಿಲ್ಲದೆ ಉಪದೇಶವನ್ನಾರಂಭಿಸಿ, ಯೋಧನಿಗೆ ಸಂಬಳ ಹೇಗೋ ವರ್ತಕನಿಗೆ ನ್ಯಾಯವಾದ ಲಾಭವೂ ಹಾಗೆಯೇ ಎಂದು ಸಾರಿದನು. ಅವನಿಗಿಂತ ಶತಮಾನಗಳ ಹಿಂದೆಯೇ ನಮ್ಮ ಶರಣರು ನುಲಿಯ ಚಂದಯ್ಯನ ಹಗ್ಗಕ್ಕೂ ಅರಮನೆಯ ಕರಣಿಕತನಕ್ಕೂ ಕಾಯಕವೆಂಬ ಒಂದೇ ಹೆಸರಿಟ್ಟಿದ್ದರು. ಕಾಯಕದಲ್ಲಿ ಮೇಲು ಕೀಳಿಲ್ಲವೆಂದ ಮೇಲೆ, ಒಬ್ಬನು ಎಂದೆಂದಿಗೂ ಮತ್ತೊಬ್ಬನ ಗಾದಿಯ ಕೆಳಗೇ ಕುಳಿತಿರಬೇಕೆಂಬ ನಿಯಮವೆಲ್ಲಿಯದು?

ಆದುದರಿಂದ ಆ ವಿದ್ಯಾರ್ಥಿಗೆ, ಅಂಗಡಿ ತೆರೆಯುವುದು ದ್ರೋಹವಲ್ಲವೆಂದೆನು. ಹದಿನೆಂಟು ವರ್ಷ ದುಡಿಸಿಕೊಂಡು, “ಮುಂದೆ ನೋಡೋಣ” ಎಂಬ ಮಾತಿನಲ್ಲೇ ಕಾಲ ಕಳೆದ ಒಡೆಯನೂ ತನ್ನ ಋಣದ ಲೆಕ್ಕ ತೆಗೆಯಬೇಕಾದವನೇ.

ಆಗ ಅವನು ಎರಡನೆಯ ಪ್ರಶ್ನೆ ಕೇಳಿದನು. ಗಿರಾಕಿಗಳೆಲ್ಲ ತನ್ನ ಮುಖ ನೋಡಿಯೇ ಬರುವರು, ಅವರನ್ನು ಕರೆಯಬಹುದೇ? ಇದು ಮೊದಲನೆಯದಕ್ಕಿಂತ ಕಠಿಣ. ಗಿರಾಕಿಯು ಯಾರ ಆಸ್ತಿಯೂ ಅಲ್ಲ. ತಾನಾಗಿ ಬಂದವನಿಗೆ ಬಟ್ಟೆ ತೋರಿಸುವುದರಲ್ಲಿ ತಪ್ಪಿಲ್ಲ. ಬಟ್ಟೆಯ ನೇಯ್ಗೆಯನ್ನು ಬೆರಳಿನಿಂದ ತಿಳಿಯುವ ಜಾಣ್ಮೆ ಅವನದೇ. ಆದರೆ ಯಾರ ಮನೆಯ ಉದ್ರಿ ಎಷ್ಟು ಉಳಿದಿದೆ, ಒಡೆಯನು ಯಾವ ದರಕ್ಕೆ ಮಾಲು ತರಿಸುವನು ಎಂಬ ಖಾತೆಯ ಗುಟ್ಟು ಅವನದಲ್ಲ. ಅದು ನಂಬಿ ಕೊಟ್ಟದ್ದು. ಆಯ್ದಕ್ಕಿ ಮಾರಯ್ಯನು ಒಂದು ದಿನ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನು ಅದನ್ನು ಅಲ್ಲಿಯೇ ಸುರಿದು ಬರಲು ಹೇಳಿದ ಕಥೆಯನ್ನು ನೆನಪಿಸಿದೆನು. ಆ ಅಕ್ಕಿ ಕಳವಿನದಲ್ಲ, ನೆಲದಲ್ಲಿ ಬಿದ್ದದ್ದೇ. ಆದರೂ ಆ ತಾಯಿ ಮನೆಯೊಳಗೆ ಇರಿಸಿಕೊಳ್ಳಲಿಲ್ಲ.

ಅವನು ಬಹಳ ಹೊತ್ತು ಸುಮ್ಮನಿದ್ದನು. ಉದ್ರಿಯ ಹೆಸರುಗಳನ್ನು ಬರೆದುಕೊಂಡಿದ್ದ ಸಣ್ಣ ವಹಿಯೊಂದು ಅವನ ಅಂಗಿಯ ಜೇಬಿನಲ್ಲಿಯೇ ಇದ್ದಿತು. ಹೊರಡುವಾಗ ಅದನ್ನು ನನ್ನ ಮೇಜಿನ ಮೇಲಿಟ್ಟು, “ಇದನ್ನು ನೀವೇ ಸಾವಕಾರರಿಗೆ ಮುಟ್ಟಿಸಿರಿ” ಎಂದನು. ನೀನೇ ಕೈಯಾರೆ ಕೊಡಬೇಕೆಂದು ಹೇಳಿ ನಾನು ಅದನ್ನು ಹಿಂದಿರುಗಿಸಿದೆನು.